ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಕ್ಲೌಡ್ ಸರ್ವರ್ ಎಷ್ಟು ದೊಡ್ಡದಿರಬೇಕು?

ಈ ಸಂಚಿಕೆಗೆ ಆರಿಸಿಕೊಂಡ ಪತ್ರಗಳೆಲ್ಲ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳವು. ಕೇಳಿರುವುದು ಬೇರೆ ಬೇರೆ, ತಲೆನೋವು ಮಾತ್ರ ಒಂದೇ: ತಿಂಗಳ ಕ್ಲೌಡ್ ಬಿಲ್ಲು. ಹೆಚ್ಚಿನವರು ಎಡಬ್ಲ್ಯೂಎಸ್ (ಅಮೆಜಾನಿನ ಕ್ಲೌಡ್ ಸೇವೆ) ಬಳಸುವುದರಿಂದ ಉತ್ತರಗಳಲ್ಲಿ ಅದರ ಹೆಸರುಗಳೇ ಇವೆ. ಮೈಕ್ರೋಸಾಫ್ಟಿನ ಅಜೂರ್ ಬೇರೆ ಥರ ನಡೆದುಕೊಳ್ಳುವ ಕಡೆ ಪ್ರತ್ಯೇಕವಾಗಿ ಹೇಳಿದ್ದೇವೆ.

ಪ್ರಶ್ನೆ: ನಮ್ಮದು ಟೊಮೆಟೊ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ಬಂದು ಹೋದ ಹುಡುಗರೆಲ್ಲ ಒಂದೊಂದು ಸರ್ವರ್ ಎಬ್ಬಿಸಿ ಹೋಗಿದ್ದಾರೆ. ಯಾವುದು ಯಾರದ್ದು, ಯಾವುದನ್ನು ಮುಚ್ಚಬಹುದು ಅಂತ ಗೊತ್ತಾಗ್ತಿಲ್ಲ. ಮುಚ್ಚಿದ್ರೆ ಯಾವ ಮಂಡಿಯ ಪಟ್ಟಿ ನಿಂತುಹೋಗುತ್ತೋ ಅನ್ನೋ ಭಯ ಬೇರೆ. ಎಲ್ಲಿಂದ ಶುರು ಮಾಡೋದು? (ಓದುಗರು, ಕೋಲಾರ)

ಉತ್ತರ: ಮೊದಲು ಪಟ್ಟಿ, ಮುಚ್ಚುವ ಮಾತು ಆಮೇಲೆ. ಎಡಬ್ಲ್ಯೂಎಸ್ ಕನ್ಸೋಲ್ ಒಂದು ಸಲಕ್ಕೆ ಒಂದೇ ರೀಜನ್ (ಸರ್ವರ್‌ಗಳಿರುವ ಪ್ರದೇಶ) ತೋರಿಸುತ್ತದೆ. ಮೇಲೆ ಬಲಗಡೆ ‘ಮುಂಬೈ’ ಎಂದಿದ್ದರೆ ಕಾಣುವುದು ಮುಂಬೈನವು ಮಾತ್ರ. ಯಾರೋ ವಿಡಿಯೋ ನೋಡಿಕೊಂಡು ನಾರ್ತ್ ವರ್ಜೀನಿಯಾದಲ್ಲಿ ಎಬ್ಬಿಸಿದ ಸರ್ವರ್ ಅಲ್ಲಿ ಕಾಣುವುದೇ ಇಲ್ಲ. ಬಿಲ್ಲಿನಲ್ಲಿ ಮಾತ್ರ ತಪ್ಪದೆ ಬರುತ್ತದೆ. ಆದ್ದರಿಂದ ‘ಇಸಿ2 ಗ್ಲೋಬಲ್ ವ್ಯೂ’ ತೆರೆಯಿರಿ, ಎಲ್ಲ ರೀಜನ್‌ಗಳ ಇನ್‌ಸ್ಟೆನ್ಸ್ (ಬಾಡಿಗೆ ಸರ್ವರ್) ಮತ್ತು ಡಿಸ್ಕುಗಳು ಒಂದೇ ಪುಟದಲ್ಲಿ ಸಿಗುತ್ತವೆ. ಜೊತೆಗೆ ‘ಕಾಸ್ಟ್ ಎಕ್ಸ್‌ಪ್ಲೋರರ್’ನಲ್ಲಿ ಕಳೆದ ಆರು ತಿಂಗಳ ಖರ್ಚನ್ನು ಒಮ್ಮೆ ರೀಜನ್ ಪ್ರಕಾರ, ಇನ್ನೊಮ್ಮೆ ‘ಯೂಸೇಜ್ ಟೈಪ್’ ಪ್ರಕಾರ ವಿಂಗಡಿಸಿ ನೋಡಿ. ‘ಬಾಕ್ಸ್ ಯೂಸೇಜ್’ ಎಂದಿರುವುದು ಓಡುತ್ತಿರುವ ಸರ್ವರಿನ ಗಂಟೆಗಳು, ‘ವಾಲ್ಯೂಮ್ ಯೂಸೇಜ್’ ಎಂದಿರುವುದು ಡಿಸ್ಕು, ‘ಸ್ನ್ಯಾಪ್‌ಶಾಟ್ ಯೂಸೇಜ್’ ಬ್ಯಾಕಪ್. ಎರಡೂ ಪಟ್ಟಿ ತಾಳೆಯಾಗಬೇಕು. ಬಿಲ್ಲಿನಲ್ಲಿದ್ದು ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು ಇದ್ದರೆ ಅದನ್ನೇ ಮೊದಲು ಹುಡುಕಿ.

ಆಮೇಲೆ ಟ್ಯಾಗ್, ಅಂದರೆ ಸರ್ವರಿಗೆ ಅಂಟಿಸುವ ಗುರುತುಚೀಟಿ. ನಾಲ್ಕು ಸಾಕು: ಪ್ರಾಜೆಕ್ಟ್, ಜವಾಬ್ದಾರಿ ಯಾರದ್ದು, ಲೈವ್ ಅಥವಾ ಟೆಸ್ಟ್, ಯಾವ ದಿನಾಂಕದವರೆಗೆ ಬೇಕು. ಹತ್ತು ಹದಿನೈದು ಟ್ಯಾಗ್ ಹಾಕಿದ ಕಡೆ ಮೂರನೇ ತಿಂಗಳಿಗೆ ಯಾರೂ ಒಂದನ್ನೂ ತುಂಬುವುದಿಲ್ಲ. ಜವಾಬ್ದಾರಿಯ ಜಾಗದಲ್ಲಿ ವ್ಯಕ್ತಿಯ ಹೆಸರಿಗಿಂತ ಹುದ್ದೆ ಬರೆಯಿರಿ. ಹುಡುಗರು ಕೆಲಸ ಬಿಡುತ್ತಾರೆ, ಹುದ್ದೆ ಎಲ್ಲಿಗೂ ಹೋಗುವುದಿಲ್ಲ. ಟ್ಯಾಗಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಎಂದೇ ಲೆಕ್ಕವಾಗುವುದರಿಂದ ಒಂದೇ ರೂಢಿ ಇಟ್ಟುಕೊಳ್ಳಿ. ಇನ್ನೆರಡು ಕಡೆ ಜನ ಎಡವುತ್ತಾರೆ. ಸರ್ವರಿಗೆ ಹಾಕಿದ ಟ್ಯಾಗ್ ಅದರ ಡಿಸ್ಕಿಗೆ ತಾನಾಗಿ ಬರುವುದಿಲ್ಲ, ಅಲ್ಲಿಯೂ ಹಾಕಬೇಕು. ಟ್ಯಾಗ್ ಹಾಕಿದ ಮಾತ್ರಕ್ಕೆ ಬಿಲ್ಲಿನಲ್ಲೂ ವಿಂಗಡಣೆ ಬರುವುದಿಲ್ಲ. ಬಿಲ್ಲಿಂಗ್ ಪುಟದ ‘ಕಾಸ್ಟ್ ಅಲೊಕೇಷನ್ ಟ್ಯಾಗ್ಸ್’ನಲ್ಲಿ ಅದನ್ನು ಆಕ್ಟಿವೇಟ್ ಮಾಡಬೇಕು. ಅದು ಬಿಲ್ಲಿನಲ್ಲಿ ಕಾಣಲು ಒಂದು ದಿನದವರೆಗೆ ಹಿಡಿಯುತ್ತದೆ.

ಇನ್ನು ಯಾರದ್ದೂ ಅಲ್ಲದ ಸರ್ವರ್‌ಗಳು. ಸಿಪಿಯು 2% ಇದೆ ಎಂದ ಮಾತ್ರಕ್ಕೆ ಅದು ಬೇಡದ್ದಲ್ಲ. ವಿಪಿಎನ್, ಲೈಸೆನ್ಸ್ ಸರ್ವರ್, ದಿನಕ್ಕೊಮ್ಮೆ ಎಸ್ಸೆಮ್ಮೆಸ್ ಕಳಿಸುವ ಸ್ಕ್ರಿಪ್ಟು, ಎಲ್ಲವೂ ಹಾಗೆಯೇ ತಣ್ಣಗೆ ಕೂತಿರುತ್ತವೆ. ಒಳಗೆ ಲಾಗಿನ್ ಆಗಿ ಮೂರು ವಿಷಯ ನೋಡಿ: ‘ಎಸ್‌ಎಸ್’ ಕಮಾಂಡ್ ಕೊಟ್ಟು ಈಗ ಯಾವ ಐಪಿಗಳು ಸಂಪರ್ಕದಲ್ಲಿವೆ, ‘ಲಾಸ್ಟ್’ ಕೊಟ್ಟು ಕೊನೆಗೆ ಯಾರು ಯಾವಾಗ ಬಂದಿದ್ದರು, ಕ್ರಾನ್‌ಟ್ಯಾಬ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನಾಗಿ ನಡೆಯುವ ಕೆಲಸಗಳ ಪಟ್ಟಿ) ಏನೇನಿದೆ. ಡಿಎನ್‌ಎಸ್ (ವೆಬ್ ಹೆಸರಿಗೆ ಐಪಿ ಹೇಳುವ) ದಾಖಲೆಗಳಲ್ಲಿ ಅದರ ಐಪಿ ಎಲ್ಲಾದರೂ ಇದೆಯೇ ಎಂದೂ ಹುಡುಕಿ. ಏನೂ ಸಿಗದಿದ್ದರೆ ಎಎಂಐ (ಸರ್ವರನ್ನು ಮತ್ತೆ ಎಬ್ಬಿಸಬಹುದಾದ ನಕಲು) ತೆಗೆದಿಟ್ಟು ‘ಸ್ಟಾಪ್’ ಮಾಡಿ. ‘ಟರ್ಮಿನೇಟ್’ (ಪೂರ್ತಿ ಅಳಿಸುವುದು) ಈಗಲೇ ಬೇಡ. ಸ್ಟಾಪ್ ಮಾಡುವ ಮುಂಚೆ ಅದು ಆಟೋ ಸ್ಕೇಲಿಂಗ್ (ಸರ್ವರ್‌ಗಳ ಸಂಖ್ಯೆಯನ್ನು ತಾನೇ ನೋಡಿಕೊಳ್ಳುವ) ಗುಂಪಿನಲ್ಲಿ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಇದ್ದರೆ ಆ ಗುಂಪು ನಿಂತ ಸರ್ವರನ್ನು ಕೆಟ್ಟದ್ದೆಂದು ತಿಳಿದು ಅಳಿಸಿ, ಹೊಸದನ್ನು ಎಬ್ಬಿಸಿಬಿಡುತ್ತದೆ. ಇನ್‌ಸ್ಟೆನ್ಸ್ ಸ್ಟೋರ್ (ತಾತ್ಕಾಲಿಕ) ಡಿಸ್ಕು ಇರುವ ಬಗೆಯಾದರೆ ಸ್ಟಾಪ್ ಮಾಡಿದಾಕ್ಷಣ ಆ ಡಿಸ್ಕಿನ ಡೇಟಾ ಹೋಗುತ್ತದೆ, ಎಎಂಐನಲ್ಲಿಯೂ ಅದು ಬರುವುದಿಲ್ಲ.

ಎಷ್ಟು ದಿನ ಕಾಯಬೇಕು? ಸಾಮಾನ್ಯ ಆಫೀಸಿಗೆ ಒಂದು ತಿಂಗಳ ಕೊನೆ ದಾಟಿದರೆ ಸಾಕು. ನಿಮ್ಮದು ಟೊಮೆಟೊ ವ್ಯವಹಾರ. ಆವಕ ಕಡಿಮೆ ಇರುವ ದಿನಗಳಲ್ಲಿ ಸುಮ್ಮನಿದ್ದ ಸರ್ವರ್ ಸೀಸನ್ನಿನಲ್ಲಿ ಬೇಕಾಗಬಹುದು. ಸರ್ವರ್ ತೆಗೆದರೂ ಅದರ ಎಎಂಐಯನ್ನು ಒಂದು ಸೀಸನ್ ಮುಗಿಯುವವರೆಗೆ ಇಟ್ಟುಕೊಳ್ಳಿ. ಎಎಂಐಯ ಹಿಂದಿರುವ ಸ್ನ್ಯಾಪ್‌ಶಾಟಿನ ಬಾಡಿಗೆ ಸರ್ವರಿನ ಬಾಡಿಗೆಯ ಮುಂದೆ ಏನೂ ಅಲ್ಲ.

ಪ್ರಶ್ನೆ: ನಮ್ಮ ಕಾರ್ಖಾನೆಯ ಇಆರ್‌ಪಿ (ಲೆಕ್ಕ, ಸ್ಟಾಕು ನೋಡಿಕೊಳ್ಳುವ ಸಾಫ್ಟ್‌ವೇರ್) ಎಂ5.2ಎಕ್ಸ್‌ಲಾರ್ಜ್ ಸರ್ವರಿನಲ್ಲಿದೆ: 8 ವಿಸಿಪಿಯು (ವರ್ಚುವಲ್ ಪ್ರೊಸೆಸರ್), 32 ಜಿಬಿ, ಲಿನಕ್ಸ್. ಜಾವಾ ಅಪ್ಲಿಕೇಷನ್, ಮೈಎಸ್‌ಕ್ಯೂಎಲ್ ಡೇಟಾಬೇಸ್ ಎರಡೂ ಅದರಲ್ಲೇ. ಗ್ರಾಫ್ ನೋಡಿದರೆ ಸಿಪಿಯು ಯಾವಾಗಲೂ 6ರಿಂದ 8%. ಯಜಮಾನರು ಕಾಲು ಭಾಗಕ್ಕೆ ಇಳಿಸಿ ಅಂತಿದ್ದಾರೆ. ಇಳಿಸಬಹುದಾ, ಹೇಗೆ? (ಓದುಗರು, ವಸಂತನರಸಾಪುರ, ತುಮಕೂರು ತಾಲ್ಲೂಕು)

ಉತ್ತರ: ಅರ್ಧಕ್ಕೆ ಇಳಿಸುವ ಸಾಧ್ಯತೆ ಚೆನ್ನಾಗಿಯೇ ಇದೆ. ಒಂದೇ ಏಟಿಗೆ ಕಾಲು ಭಾಗಕ್ಕೆ ಬೇಡ. ಅದಕ್ಕೂ ಮೊದಲು ಆ ಗ್ರಾಫ್ ಏನು ಹೇಳುತ್ತಿಲ್ಲ ಎಂಬುದನ್ನು ನೋಡಬೇಕು.

ಮೊದಲನೆಯದಾಗಿ ಅದು ಮೆಮೊರಿಯ ಬಗ್ಗೆ ಏನೂ ಹೇಳುತ್ತಿಲ್ಲ. ಆ ಗ್ರಾಫ್ ಕೊಡುವ ಎಡಬ್ಲ್ಯೂಎಸ್‌ನ ಕ್ಲೌಡ್‌ವಾಚ್ ನಿಮ್ಮ ಸರ್ವರನ್ನು ಹೊರಗಿನಿಂದ ನೋಡುತ್ತದೆ. ಸಿಪಿಯು, ನೆಟ್‌ವರ್ಕು ಹೊರಗಿನಿಂದ ಕಾಣುತ್ತವೆ; ಆಪರೇಟಿಂಗ್ ಸಿಸ್ಟಮ್ ಒಳಗೆ ಎಷ್ಟು ಮೆಮೊರಿ ಬಳಕೆಯಲ್ಲಿದೆ, ಡಿಸ್ಕು ಎಷ್ಟು ತುಂಬಿದೆ ಎಂಬುದು ಕಾಣುವುದಿಲ್ಲ. ಅದಕ್ಕೆ ಕ್ಲೌಡ್‌ವಾಚ್ ಏಜೆಂಟ್ ಹಾಕಬೇಕು, ಏಜೆಂಟಿಗೆ ಬರೆಯುವ ಅನುಮತಿಯಿರುವ ಐಎಎಂ ರೋಲನ್ನು ಸರ್ವರಿಗೆ ಜೋಡಿಸಬೇಕು. ಏಜೆಂಟ್ ಹಾಕುವಾಗ ಕೇಳುವ ಪ್ರಶ್ನೆಗೆಲ್ಲ ಹೌದು ಹೌದು ಎಂದರೆ ಹತ್ತಾರು ಮೆಟ್ರಿಕ್ ಶುರುವಾಗಿ ಅದರದ್ದೇ ಒಂದು ಬಿಲ್ಲಾಗುತ್ತದೆ. ಮೆಮೊರಿ, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ), ಡಿಸ್ಕಿನ ಬಳಕೆ, ಈ ಮೂರೇ ಸಾಕು. ಸರ್ವರಿನೊಳಗೆ ‘ಫ್ರೀ’ ಕಮಾಂಡ್ ಕೊಟ್ಟು ನೋಡುವವರು ‘ಫ್ರೀ’ ಎಂಬ ಕಾಲಂ ಬಿಟ್ಟು ‘ಅವೈಲಬಲ್’ ಎಂಬ ಕಾಲಂ ನೋಡಿ. ಖಾಲಿ ಮೆಮೊರಿಯನ್ನು ಲಿನಕ್ಸ್ ಫೈಲ್ ಕ್ಯಾಶಿಗೆ ಬಳಸಿಕೊಳ್ಳುವುದರಿಂದ ಮೊದಲನೆಯದು ಯಾವಾಗಲೂ ಸೊನ್ನೆಯ ಹತ್ತಿರವೇ ಇರುತ್ತದೆ.

ಎರಡನೆಯದು ಸರಾಸರಿಯ ಮೋಸ. ನಿಮ್ಮಲ್ಲಿ 8 ವಿಸಿಪಿಯು ಇವೆ. ಒಂದೇ ಥ್ರೆಡ್ಡಿನಲ್ಲಿ ನಡೆಯುವ ವರದಿಯೊಂದು ಒಂದು ವಿಸಿಪಿಯುವನ್ನು ಪೂರ್ತಿ ಹಿಂಡುತ್ತಿದ್ದರೂ ಗ್ರಾಫಿನಲ್ಲಿ ಕಾಣುವುದು 12.5% ಮಾತ್ರ. ತಿಂಗಳ ಕೊನೆಯಲ್ಲಿ ಗೆರೆ ಗಂಟೆಗಟ್ಟಲೆ 12–13%ಗೆ ಅಂಟಿಕೊಂಡು ಚಪ್ಪಟೆಯಾಗಿದ್ದರೆ ಅದು ಇದೇ. ಅಂಥ ಕೆಲಸಕ್ಕೆ ಇನ್ನೆಂಟು ವಿಸಿಪಿಯು ಕೊಟ್ಟರೂ ಬೇಗ ಮುಗಿಯುವುದಿಲ್ಲ, ನಾಲ್ಕು ಕಿತ್ತುಕೊಂಡರೂ ನಿಧಾನವಾಗುವುದಿಲ್ಲ. ಈ ಒಂದು ಸಂಗತಿ ಗೊತ್ತಿಲ್ಲದೆ ‘ರಿಪೋರ್ಟ್ ನಿಧಾನ’ ಎಂದು ಸರ್ವರನ್ನು ದೊಡ್ಡದು ಮಾಡುತ್ತಾ ಹೋದ ಕಾರ್ಖಾನೆಗಳು ಬೇಕಾದಷ್ಟಿವೆ.

ಆದ್ದರಿಂದ ಗ್ರಾಫಿನಲ್ಲಿ ‘ಆವರೇಜ್’ ತೆಗೆದು ‘ಮ್ಯಾಕ್ಸಿಮಮ್’ ಮತ್ತು ‘ಪಿ99’ (ನೂರರಲ್ಲಿ 99 ಅಳತೆಗಳು ಇದರೊಳಗೇ ಇರುವ ಅಂಕಿ) ಹಾಕಿ, ಕನಿಷ್ಠ ಒಂದು ಪೂರ್ತಿ ತಿಂಗಳು ನೋಡಿ. ಐದು ನಿಮಿಷದ ಅಂಕಿಗಳು 63 ದಿನದವರೆಗೆ ಉಳಿಯುತ್ತವೆ, ಆಮೇಲೆ ಗಂಟೆಗೊಂದರಂತೆ ಮಾತ್ರ ಸಿಗುತ್ತವೆ. ಆ ತಿಂಗಳಲ್ಲಿ ಸಂಬಳದ ದಿನ, ಸ್ಟಾಕ್ ಎಣಿಕೆಯ ದಿನ, ಜಿಎಸ್‌ಟಿಯ 11 ಮತ್ತು 20ನೇ ತಾರೀಖಿನ ಹಿಂದಿನ ಎರಡು ದಿನ ಸೇರಿರಲಿ. ‘ಕಂಪ್ಯೂಟ್ ಆಪ್ಟಿಮೈಜರ್’ ಎಂಬ ಉಚಿತ ಸಲಹೆಗಾರನನ್ನು ಆನ್ ಮಾಡಬಹುದು. ಆದರೆ ಹಾಗೇ ಬಿಟ್ಟರೆ ಅದು ಹಿಂದಿನ 14 ದಿನ ಮಾತ್ರ ನೋಡುತ್ತದೆ. 5ನೇ ತಾರೀಖಿನಿಂದ 19ರವರೆಗೆ ನೋಡಿದವನಿಗೆ ನಿಮ್ಮ ತಿಂಗಳ ಕೊನೆಯ ಭರಾಟೆ ಏನು ಗೊತ್ತು? 93 ದಿನ ನೋಡಿಸಲು ಪ್ರತ್ಯೇಕ ಶುಲ್ಕವಿದೆ. ಏಜೆಂಟ್ ಇಲ್ಲದಿದ್ದರೆ ಅದಕ್ಕೂ ಮೆಮೊರಿ ಕಾಣುವುದಿಲ್ಲ.

ಲೆಕ್ಕ ಹೀಗೆ. ಅರ್ಧಕ್ಕೆ ಇಳಿಸಿದರೆ ಸಿಪಿಯು ಶೇಕಡಾ ದುಪ್ಪಟ್ಟಾಗುತ್ತದೆ. ಭರಾಟೆಯ ದಿನದ ಪಿ99 ಈಗ 25% ಇದ್ದರೆ ನಾಳೆ 50%, ತೊಂದರೆಯಿಲ್ಲ. 35% ದಾಟಿದ್ದರೆ ಇಳಿಸಬೇಡಿ. ಹೊಸ ಅಳತೆಯಲ್ಲಿ ಸಿಪಿಯು 70%, ಮೆಮೊರಿ 80% ಒಳಗೆ ಉಳಿಯಬೇಕು ಎಂಬುದನ್ನು ಗೆರೆಯಾಗಿ ಇಟ್ಟುಕೊಳ್ಳಿ.

ಮೆಮೊರಿಯಲ್ಲಿ ನಿಮಗೆ ಇನ್ನೊಂದು ತೊಡಕಿದೆ. ಮೈಎಸ್‌ಕ್ಯೂಎಲ್ ಮತ್ತು ಜಾವಾ, ಎರಡೂ ಕೊಟ್ಟಷ್ಟನ್ನು ತುಂಬಿಕೊಂಡು ಕೂರುವ ಜಾತಿ. ಇನ್ನೋಡಿಬಿ ಬಫರ್ ಪೂಲಿಗೆ (ಮೈಎಸ್‌ಕ್ಯೂಎಲ್ ಡೇಟಾ ಇಟ್ಟುಕೊಳ್ಳುವ ಮೆಮೊರಿ) 14 ಜಿಬಿ, ಜಾವಾ ಹೀಪಿಗೆ (ಜಾವಾ ಬಳಸುವ ಮೆಮೊರಿ) 8 ಜಿಬಿ ಬರೆದಿದ್ದರೆ ಬಳಕೆ 22 ಜಿಬಿಗಿಂತ ಮೇಲೆ ಎಂದೇ ಏಜೆಂಟ್ ಹೇಳುತ್ತದೆ. ಅಷ್ಟೂ ಬೇಕಿತ್ತೇ ಎಂಬುದು ಅದಕ್ಕೆ ಗೊತ್ತಿಲ್ಲ. ಡೇಟಾಬೇಸಿನ ಒಟ್ಟು ಗಾತ್ರ 5 ಜಿಬಿ ಇದ್ದರೆ ಬಫರ್ ಪೂಲಿಗೆ 6 ಜಿಬಿ ಧಾರಾಳವಾಯಿತು. ಗಾತ್ರ ದೊಡ್ಡದಿದ್ದರೆ, ಬಫರ್ ಪೂಲಿನಿಂದ ಓದಲು ಬಂದ ಒಟ್ಟು ಕೋರಿಕೆಗಳಲ್ಲಿ ಎಷ್ಟು ಡಿಸ್ಕಿಗೆ ಹೋದವು ಎಂಬ ಎರಡು ಎಣಿಕೆಗಳನ್ನು ಸ್ಟೇಟಸ್ ಪಟ್ಟಿಯಲ್ಲಿ ನೋಡಿ. ಡಿಸ್ಕಿಗೆ ಹೋದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆಯಿದ್ದರೆ ಪೂಲನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸಿ ನೋಡಬಹುದು. ಜಾವಾದಲ್ಲಿ ಪೂರ್ತಿ ಗಾರ್ಬೇಜ್ ಕಲೆಕ್ಷನ್ (ಬೇಡದ ಮೆಮೊರಿಯ ತೆರವು) ಆದ ತಕ್ಷಣ ಉಳಿಯುವ ಹೀಪ್ ಎಷ್ಟು ಎಂಬುದೇ ನಿಜವಾದ ಬಳಕೆ. ಅದು 2.5 ಜಿಬಿ ಇದ್ದರೆ 5 ಜಿಬಿ ಹೀಪ್ ಸಾಕು. ಆಗ 6ಕ್ಕೆ 5 ಸೇರಿ 11, ಆಪರೇಟಿಂಗ್ ಸಿಸ್ಟಮ್ಮಿಗೆ ಮತ್ತು ಉಳಿದ ಪ್ರೊಸೆಸ್‌ಗಳಿಗೆ ಒಂದೂವರೆ ಎರಡು; 16 ಜಿಬಿಯ ಎಂ5.ಎಕ್ಸ್‌ಲಾರ್ಜ್‌ನಲ್ಲಿ ಕೂರುತ್ತದೆ. ಬಾಡಿಗೆ ಸರಿಯಾಗಿ ಅರ್ಧ.

ಮೆಮೊರಿ ನಿಜವಾಗಿಯೂ ಬೇಕು, ಸಿಪಿಯು ಮಾತ್ರ ಹೆಚ್ಚಾಗಿದೆ ಎಂದಾದರೆ ಸರ್ವರಿನ ಸಾಲನ್ನೇ (ಎಂ5, ಸಿ5 ಎಂಬಂಥ ಗುಂಪು) ಬದಲಿಸಿ. ಎಂ5ನಲ್ಲಿ ಒಂದು ವಿಸಿಪಿಯುಗೆ 4 ಜಿಬಿ, ಸಿ5ನಲ್ಲಿ 2, ಆರ್5ನಲ್ಲಿ 8. ಆರ್5.ಎಕ್ಸ್‌ಲಾರ್ಜ್ ಎಂದರೆ 4 ವಿಸಿಪಿಯು, 32 ಜಿಬಿ. ಅರ್ಧದಷ್ಟಾಗದಿದ್ದರೂ ಈಗಿನದಕ್ಕಿಂತ ಅಗ್ಗವೇ.

ಬದಲಾಯಿಸುವ ದಿನ ಪಾಳಿ ಮುಗಿದ ಮೇಲೆ ಅರ್ಧ ಗಂಟೆ ಕೇಳಿಟ್ಟುಕೊಳ್ಳಿ. ಕೆಲಸ ಹತ್ತು ಹದಿನೈದು ನಿಮಿಷದ್ದು. ಐಪಿ ಎಲಾಸ್ಟಿಕ್ ಐಪಿಯೇ (ಸ್ಟಾಪ್ ಮಾಡಿದರೂ ಬದಲಾಗದ ವಿಳಾಸ) ಎಂದು ನೋಡಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಸರ್ವರ್ ಏಳುವಾಗ ಜೋಡಿಸಿಕೊಳ್ಳುವ ಡಿಸ್ಕುಗಳ ಪಟ್ಟಿ) ಡಿಸ್ಕುಗಳು ಡಿವೈಸ್ ಹೆಸರಿನಲ್ಲಿದ್ದರೆ ಯುಯುಐಡಿಗೆ (ಡಿಸ್ಕಿನ ಖಾಯಂ ಗುರುತು) ಬದಲಿಸಿ. ಬಫರ್ ಪೂಲ್ ಮತ್ತು ಹೀಪಿನ ಹೊಸ ಅಂಕಿಗಳನ್ನು ಸ್ಟಾಪ್ ಮಾಡುವ ಮುಂಚೆಯೇ ಬರೆದು, ಹಳೆಯ ಸರ್ವರಿನಲ್ಲೇ ಎರಡು ದಿನ ಓಡಿಸಿ. ನಿಧಾನವಾದರೆ ಅಲ್ಲೇ ಗೊತ್ತಾಗುತ್ತದೆ, ಹಿಂದಕ್ಕೆ ಹೋಗುವುದೂ ಸುಲಭ. ಆಮೇಲೆ ಅಪ್ಲಿಕೇಷನ್ ನಿಲ್ಲಿಸಿ, ಡೇಟಾಬೇಸ್ ನಿಲ್ಲಿಸಿ, ಸರ್ವರ್ ಸ್ಟಾಪ್ ಮಾಡಿ, ಸ್ನ್ಯಾಪ್‌ಶಾಟ್ ಶುರು ಮಾಡಿ. ‘ಆಕ್ಷನ್ಸ್’ ಒಳಗೆ ‘ಇನ್‌ಸ್ಟೆನ್ಸ್ ಸೆಟ್ಟಿಂಗ್ಸ್’, ಅದರೊಳಗೆ ‘ಚೇಂಜ್ ಇನ್‌ಸ್ಟೆನ್ಸ್ ಟೈಪ್’. ಹೊಸದನ್ನು ಆರಿಸಿ ಸ್ಟಾರ್ಟ್ ಕೊಡಿ, ಸ್ಟೇಟಸ್ ಚೆಕ್ ಎಲ್ಲ ಪಾಸಾಗುವವರೆಗೆ ಕಾಯಿರಿ. ‘ಇನ್‌ಸಫಿಶಿಯೆಂಟ್ ಕೆಪ್ಯಾಸಿಟಿ’ ಎಂದು ಬಂದರೆ ಗಾಬರಿ ಬೇಡ. ಆ ಹೊತ್ತಿಗೆ ಆ ಝೋನಿನಲ್ಲಿ ಆ ಬಗೆ ಖಾಲಿಯಿಲ್ಲ ಅಷ್ಟೆ. ಸ್ವಲ್ಪ ಬಿಟ್ಟು ಮತ್ತೆ ಪ್ರಯತ್ನಿಸಿ, ಇಲ್ಲವೇ ಎಂ5ಎ ಅಥವಾ ಎಂ6ಐನ ಅದೇ ಅಳತೆ ತೆಗೆದುಕೊಳ್ಳಿ.

ಅಂಕಿ ತಗ್ಗಿಸುವುದನ್ನು ಮರೆತರೆ ಏನಾಗುತ್ತದೆ? ಸರ್ವರ್ ಎದ್ದೇಳುತ್ತದೆ, ಬೆಳಗ್ಗೆ ಚೆನ್ನಾಗಿಯೂ ಓಡುತ್ತದೆ. ಬಫರ್ ಪೂಲ್ ತುಂಬುತ್ತಾ ಬಂದ ಹಾಗೆ ಮಧ್ಯಾಹ್ನದ ಹೊತ್ತಿಗೆ ಮೆಮೊರಿ ಮುಗಿದು, ಲಿನಕ್ಸ್ ಎಲ್ಲರಿಗಿಂತ ಹೆಚ್ಚು ತಿನ್ನುತ್ತಿರುವ ಪ್ರೊಸೆಸ್ಸನ್ನು ಕೊಲ್ಲುತ್ತದೆ. ಅದು ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್ಲೇ ಆಗಿರುತ್ತದೆ. ‘ಡಿಮೆಸೇಜ್’ನಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲಿದ್ದರೆ ಇದೇ ಕಾರಣ.

ಡಿಸ್ಕಿನ ವೇಗವೂ ಅಳತೆಯ ಜೊತೆ ಇಳಿಯುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಎಂ5.2ಎಕ್ಸ್‌ಲಾರ್ಜ್‌ಗೆ ಡಿಸ್ಕಿನ ಕಡೆ ಸೆಕೆಂಡಿಗೆ 2,300 ಮೆಗಾಬಿಟ್ ಖಾಯಂ, ಎಕ್ಸ್‌ಲಾರ್ಜ್‌ಗೆ 1,150. ಅಲ್ಪಾವಧಿಗೆ ಎರಡೂ 4,750 ಮುಟ್ಟುತ್ತವೆ. ಹಗಲು ವ್ಯತ್ಯಾಸ ಕಾಣದು, ರಾತ್ರಿಯ ಬ್ಯಾಕಪ್ ಮಾತ್ರ ಹೆಚ್ಚು ಹೊತ್ತು ಹಿಡಿಯಬಹುದು. ಹೊಸ ಅಳತೆಯಲ್ಲಿ ಒಂದು ತಿಂಗಳ ಕೊನೆ ದಾಟಲಿ. ಆಗಲೂ ಗೆರೆಗಳು ಕೆಳಗೇ ಇದ್ದರೆ ಯಜಮಾನರ ಕಾಲು ಭಾಗದ ಮಾತು ತೆಗೆಯಬಹುದು.

ಪ್ರಶ್ನೆ: ರೇಷ್ಮೆಗೂಡು ವ್ಯಾಪಾರದ ಲೆಕ್ಕಕ್ಕೆ ಟಿ2.ಮೈಕ್ರೋದಲ್ಲಿ ಒಂದು ಅಪ್ಲಿಕೇಷನ್ ಇಟ್ಟಿದ್ದೇವೆ. ಬೆಳಗ್ಗೆ ಆರಕ್ಕೆ ಶುರುವಾದ್ರೆ ಎಂಟೂವರೆವರೆಗೂ ಚೆನ್ನಾಗಿರುತ್ತೆ, ಆಮೇಲೆ ಒಂದೊಂದು ಪುಟಕ್ಕೂ ನಿಮಿಷ ಕಾಯಬೇಕು. ರೀಬೂಟ್ ಮಾಡಿದ್ರೆ ಏನೂ ಆಗಲ್ಲ. ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದ್ರೆ ಅರ್ಧ ಗಂಟೆ ಸರಿಹೋಗುತ್ತೆ, ಮತ್ತೆ ಅದೇ ಕಥೆ. ವೈರಸ್ಸಾ? (ಓದುಗರು, ಶಿಡ್ಲಘಟ್ಟ)

ಉತ್ತರ: ವೈರಸ್ ಅಲ್ಲ, ಕ್ರೆಡಿಟ್ ಮುಗಿಯುತ್ತಿದೆ. ಟಿ ಸಾಲಿನ ಸರ್ವರ್‌ಗಳು ಪೂರ್ತಿ ಸಿಪಿಯು ಕೊಡುವುದು ಕೂಡಿಟ್ಟ ಕ್ರೆಡಿಟ್ ಇರುವವರೆಗೆ ಮಾತ್ರ. ಸಣ್ಣ ಪೈಪಿನಿಂದ ರಾತ್ರಿಯಿಡೀ ತುಂಬಿ, ಬೆಳಗ್ಗೆ ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟರೆ ಖಾಲಿಯಾಗುವ ತಾರಸಿ ಟ್ಯಾಂಕಿನ ಹಾಗೆ. ಒಂದು ಕ್ರೆಡಿಟ್ ಎಂದರೆ ಒಂದು ವಿಸಿಪಿಯು ಒಂದು ನಿಮಿಷ 100% ಓಡುವುದು. ಟಿ2.ಮೈಕ್ರೋಗೆ ಗಂಟೆಗೆ 6 ಕ್ರೆಡಿಟ್ ಬರುತ್ತದೆ, ಕೂಡಿಡುವ ಮಿತಿ 144. ಪೂರ್ತಿ ಓಡಿದರೆ ಗಂಟೆಗೆ 60 ಖರ್ಚು, 6 ಜಮಾ, ನಿವ್ವಳ 54. ರಾತ್ರಿಯೆಲ್ಲ ಸುಮ್ಮನಿದ್ದು 144 ತುಂಬಿದ್ದರೆ ಅದು 2 ಗಂಟೆ 40 ನಿಮಿಷ ಬರುತ್ತದೆ: ಆರಕ್ಕೆ ಶುರುವಾದದ್ದು ಎಂಟು ನಲವತ್ತಕ್ಕೆ. ಆಮೇಲೆ ಸಿಪಿಯು 10%ಗೆ ಇಳಿಯುತ್ತದೆ. ನಿಮ್ಮ ಎಂಟೂವರೆಗೂ ಇದಕ್ಕೂ ಹತ್ತು ನಿಮಿಷದ ಅಂತರವಷ್ಟೇ.

ಸ್ಟಾಪ್-ಸ್ಟಾರ್ಟ್ ಮಾಡಿದಾಗ ಸರಿಹೋಗುವುದಕ್ಕೂ ಕಾರಣವಿದೆ. ಟಿ2ಗೆ ಪ್ರತಿ ಸ್ಟಾರ್ಟಿಗೆ ವಿಸಿಪಿಯುಗೆ 30 ಕ್ರೆಡಿಟ್ ಬಿಟ್ಟಿ ಸಿಗುತ್ತದೆ, ಅದೇ ನಿಮ್ಮ ಅರ್ಧ ಗಂಟೆ. ರೀಬೂಟಿಗೆ ಅದಿಲ್ಲ. ಆದರೆ ಸ್ಟಾಪ್ ಮಾಡಿದಾಗ ಕೂಡಿಟ್ಟದ್ದೆಲ್ಲ ಹೋಗುವುದರಿಂದ ಇದನ್ನು ರೂಢಿ ಮಾಡಿಕೊಳ್ಳಬೇಡಿ. ಕ್ಲೌಡ್‌ವಾಚ್‌ನಲ್ಲಿ ‘ಸಿಪಿಯು ಕ್ರೆಡಿಟ್ ಬ್ಯಾಲೆನ್ಸ್’ ತೆರೆದರೆ ಎಂಟೂವರೆಯ ಆಸುಪಾಸಿಗೆ ಗೆರೆ ನೆಲ ಮುಟ್ಟಿರುವುದು ಕಾಣುತ್ತದೆ.

ಪರಿಹಾರಕ್ಕೆ ಟಿ3.ಸ್ಮಾಲ್ ನೋಡಿ: 2 ವಿಸಿಪಿಯು, 2 ಜಿಬಿ, ಗಂಟೆಗೆ 24 ಕ್ರೆಡಿಟ್, ಮಿತಿ 576. ಈಗ ನೀವು ಬಳಸುತ್ತಿರುವಷ್ಟೇ ಕೆಲಸಕ್ಕೆ, ಅಂದರೆ ಗಂಟೆಗೆ 60ರ ಖರ್ಚಿಗೆ, ನಿವ್ವಳ 36 ಹೋಗುತ್ತದೆ; 16 ಗಂಟೆ ಬರುತ್ತದೆ. ಟಿ3 ಹುಟ್ಟಿನಿಂದಲೇ ‘ಅನ್‌ಲಿಮಿಟೆಡ್’ ಸ್ಥಿತಿಯಲ್ಲಿರುತ್ತದೆ ಎಂಬುದು ನೆನಪಿರಲಿ. ಕ್ರೆಡಿಟ್ ಮುಗಿದರೂ ನಿಧಾನವಾಗುವುದಿಲ್ಲ, ಸಾಲ ಬರೆದುಕೊಳ್ಳುತ್ತದೆ. ಇಪ್ಪತ್ತನಾಲ್ಕು ಗಂಟೆಯ ಸರಾಸರಿ ಬೇಸ್‌ಲೈನ್ (ಜಮಾ ಆಗುವ ಕ್ರೆಡಿಟ್ಟಿನಲ್ಲೇ ನಡೆಯುವಷ್ಟು ಬಳಕೆ) ದಾಟಿದರೆ, ಲಿನಕ್ಸಿನಲ್ಲಿ ವಿಸಿಪಿಯು-ಗಂಟೆಗೆ 0.05 ಡಾಲರ್ ಬಿಲ್ಲಾಗುತ್ತದೆ. ಒಳಗೆ ಯಾವುದಾದರೂ ಸ್ಕ್ರಿಪ್ಟು ಸುತ್ತು ಬಿದ್ದರೆ ಗೊತ್ತಾಗುವುದೇ ಬಿಲ್ಲು ಬಂದಾಗ. ‘ಸರ್‌ಪ್ಲಸ್ ಕ್ರೆಡಿಟ್ಸ್ ಚಾರ್ಜ್ಡ್’ ಎಂಬ ಮೆಟ್ರಿಕ್ ಸೊನ್ನೆ ದಾಟಿದರೆ ಮೇಲ್ ಬರುವಂತೆ ಅಲಾರಂ ಇಡಿ. ಟಿ2ರಿಂದ ಟಿ3ಗೆ ಹೋಗುವಾಗ ಇಎನ್‌ಎ (ನೆಟ್‌ವರ್ಕಿನದು) ಮತ್ತು ಎನ್‌ವಿಎಂಇ (ಡಿಸ್ಕಿನದು) ಡ್ರೈವರ್ ಇರಬೇಕು. ಈಚಿನ ಉಬುಂಟು, ಅಮೆಜಾನ್ ಲಿನಕ್ಸ್ 2ರಲ್ಲಿ ಇವೆ. ಬಹಳ ಹಳೆಯ ಎಎಂಐ ಆದರೆ ಸರ್ವರ್ ಎದ್ದೇಳದೆ ಹೋಗಬಹುದು, ಅಂಥದ್ದಕ್ಕೆ ಹೊಸ ಸರ್ವರ್ ಕಟ್ಟಿ ಡೇಟಾ ಸಾಗಿಸುವುದೇ ಲೇಸು.

ಪ್ರಶ್ನೆ: ಕಾಲೇಜಿನ ಕ್ಲೌಡ್ ಲ್ಯಾಬಿಗೆ 30 ಸರ್ವರ್ ಇವೆ, ಅರ್ಧ ಎಡಬ್ಲ್ಯೂಎಸ್, ಅರ್ಧ ಅಜೂರ್. ಮಕ್ಕಳು ಆಫ್ ಮಾಡದೆ ಹೋಗ್ತಾರೆ. ಅಜೂರ್‌ನಲ್ಲಿ ವಿಂಡೋಸ್ ಶಟ್‌ಡೌನ್ ಮಾಡಿದ್ರೂ ಬಿಲ್ಲು ಬರ್ತಿದೆ. ಏನು ಮಾಡೋಣ ಸರ್? (ಲ್ಯಾಬ್ ಸಿಬ್ಬಂದಿ, ತುಮಕೂರು)

ಉತ್ತರ: ಸೋಮವಾರದಿಂದ ಶನಿವಾರ, ದಿನಕ್ಕೆ 8 ಗಂಟೆ ಎಂದರೆ ವಾರಕ್ಕೆ 48 ಗಂಟೆ. ವಾರದಲ್ಲಿರುವುದು 168. ಅಂದರೆ ಬಾಡಿಗೆಯ ನೂರಕ್ಕೆ 71 ಭಾಗ ಯಾರೂ ಕೂರದ ಹೊತ್ತಿನದು. ಲ್ಯಾಬಿನ ಮಟ್ಟಿಗೆ ಸರ್ವರಿನ ಅಳತೆ ಕಡಿಮೆ ಮಾಡುವುದಕ್ಕಿಂತ ಗಂಟೆ ಕಡಿಮೆ ಮಾಡುವುದೇ ಲಾಭ.

ಅಜೂರ್‌ನಲ್ಲಿ ವಿಂಡೋಸ್ ಒಳಗಿನಿಂದ ಶಟ್‌ಡೌನ್ ಕೊಟ್ಟರೆ ಯಂತ್ರ ‘ಸ್ಟಾಪ್ಡ್’ ಆಗುತ್ತದೆ, ಜಾಗ ಮಾತ್ರ ನಿಮ್ಮ ಹೆಸರಿನಲ್ಲೇ ಕಾದಿರಿಸಿರುತ್ತದೆ; ಬಾಡಿಗೆ ನಿಲ್ಲುವುದಿಲ್ಲ. ಪೋರ್ಟಲ್‌ನಿಂದ ಸ್ಟಾಪ್ ಕೊಟ್ಟು ‘ಡೀಅಲೊಕೇಟೆಡ್’ ಎಂದು ಬರಬೇಕು. ಪ್ರತಿ ಯಂತ್ರದ ಪುಟದಲ್ಲಿ ‘ಆಟೋ-ಶಟ್‌ಡೌನ್’ ಇದೆ, ಟೈಮ್‌ಝೋನ್ ಆರಿಸಿ ಸಂಜೆ ಆರು ಎಂದು ಇಟ್ಟುಬಿಡಿ. ಅದು ಡೀಅಲೊಕೇಟ್ ಮಾಡುತ್ತದೆ, ಬೆಳಗ್ಗೆ ತಾನಾಗಿ ಆನ್ ಮಾಡುವುದಿಲ್ಲ. ಲ್ಯಾಬಿಗೆ ಇದು ಒಳ್ಳೆಯದೇ: ತರಗತಿ ಇರುವ ಬ್ಯಾಚಿನವರು ಆನ್ ಮಾಡಿಕೊಳ್ಳಲಿ. ಟೆಂಪರರಿ ಡಿಸ್ಕಿನಲ್ಲಿ ಪ್ರಾಜೆಕ್ಟ್ ಇಟ್ಟ ಮಕ್ಕಳಿಗೆ ಮೊದಲೇ ಹೇಳಿ, ಡೀಅಲೊಕೇಟ್ ಆದರೆ ಅದು ಅಳಿಸಿಹೋಗುತ್ತದೆ.

ಎಡಬ್ಲ್ಯೂಎಸ್‌ನಲ್ಲಿ ಒಳಗಿನಿಂದ ಶಟ್‌ಡೌನ್ ಕೊಟ್ಟರೂ ಸರ್ವರಿನ ಬಾಡಿಗೆ ನಿಲ್ಲುತ್ತದೆ. ‘ಶಟ್‌ಡೌನ್ ಬಿಹೇವಿಯರ್’ ಎಂಬಲ್ಲಿ ‘ಟರ್ಮಿನೇಟ್’ ಎಂದಿದ್ದರೆ ಮಾತ್ರ ಸರ್ವರೇ ಹೋಗುತ್ತದೆ, ಅದನ್ನು ಒಮ್ಮೆ ನೋಡಿಕೊಳ್ಳಿ. ವೇಳಾಪಟ್ಟಿಗೆ ‘ಈವೆಂಟ್‌ಬ್ರಿಡ್ಜ್ ಶೆಡ್ಯೂಲರ್’ ಬಳಸಿ, ಅದರಲ್ಲಿ ಏಷ್ಯಾ/ಕೋಲ್ಕತಾ ಟೈಮ್‌ಝೋನ್ ಕೊಡಬಹುದು. ಹಳೆಯ ಬಗೆಯ ಈವೆಂಟ್‌ಬ್ರಿಡ್ಜ್ ರೂಲ್‌ಗಳು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಮಾತ್ರ ಬಲ್ಲವು. ಅಲ್ಲಿ 18 ಗಂಟೆ ಎಂದು ಬರೆದರೆ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ಸಂಜೆ ಆರಕ್ಕೆ ನಿಲ್ಲಬೇಕಾದರೆ 12:30 ಎಂದು ಬರೆಯಬೇಕು. ನಿಂತ ಮೇಲೂ ಡಿಸ್ಕು ಮತ್ತು ಎಲಾಸ್ಟಿಕ್ ಐಪಿಯ ಬಾಡಿಗೆ ನಡೆಯುತ್ತಿರುತ್ತದೆ. ಆರ್‌ಡಿಎಸ್ (ಎಡಬ್ಲ್ಯೂಎಸ್ಸೇ ನೋಡಿಕೊಳ್ಳುವ) ಡೇಟಾಬೇಸನ್ನು ದಸರಾ ರಜೆಗೆ ನಿಲ್ಲಿಸಿ ಹೋದರೆ ಏಳು ದಿನದ ಮೇಲೆ ತಾನಾಗಿ ಎದ್ದು ಕೂರುತ್ತದೆ. ರಜೆ ಅದಕ್ಕಿಂತ ಉದ್ದವಿದ್ದರೆ ಸ್ನ್ಯಾಪ್‌ಶಾಟ್ ತೆಗೆದು ಡೇಟಾಬೇಸನ್ನು ಡಿಲೀಟ್ ಮಾಡಿ, ಬಂದ ಮೇಲೆ ಮರಳಿ ಎಬ್ಬಿಸಿ. ಬಜೆಟ್ ಎಚ್ಚರಿಕೆಯನ್ನೂ ಇಡಿ. ಆದರೆ ಅದು ಹಲವು ಗಂಟೆ ತಡವಾಗಿ ಬರುತ್ತದೆ ಮತ್ತು ಮೇಲ್ ಕಳಿಸುತ್ತದೆಯೇ ಹೊರತು, ನೀವು ಪ್ರತ್ಯೇಕವಾಗಿ ಹೇಳಿಡದೆ ಏನನ್ನೂ ನಿಲ್ಲಿಸುವುದಿಲ್ಲ.

ಪ್ರಶ್ನೆ: ಅಳತೆ ಬದಲಿಸಿ ಸ್ಟಾರ್ಟ್ ಮಾಡಿದ ಮೇಲೆ ನಮ್ಮ ವೆಬ್‌ಸೈಟೇ ಬರ್ತಿಲ್ಲ. ಸರ್ವರ್ ಓಡ್ತಿದೆ ಅಂತ ತೋರಿಸ್ತಿದೆ. (ಓದುಗರು, ಚಿಂತಾಮಣಿ)

ಉತ್ತರ: ಐಪಿ ಬದಲಾಗಿದೆ. ಸ್ಟಾಪ್-ಸ್ಟಾರ್ಟ್ ಆದಾಗ ಸಾಮಾನ್ಯ ಪಬ್ಲಿಕ್ ಐಪಿ ಹೊಸದಾಗುತ್ತದೆ, ನಿಮ್ಮ ಡೊಮೈನ್ ಇನ್ನೂ ಹಳೆಯದನ್ನೇ ತೋರಿಸುತ್ತಿದೆ. ಎಲಾಸ್ಟಿಕ್ ಐಪಿ ತೆಗೆದು ಸರ್ವರಿಗೆ ಜೋಡಿಸಿ, ಡಿಎನ್‌ಎಸ್‌ನಲ್ಲಿ ಅದನ್ನು ಹಾಕಿ. 2024ರ ಫೆಬ್ರುವರಿ 1ರಿಂದ ಎಡಬ್ಲ್ಯೂಎಸ್ ಎಲ್ಲ ಪಬ್ಲಿಕ್ ಐಪಿವಿ4 ವಿಳಾಸಗಳಿಗೂ ಗಂಟೆಗೆ 0.005 ಡಾಲರ್ ಹಾಕುತ್ತಿದೆ, 30 ದಿನಕ್ಕೆ 3.60 ಡಾಲರ್. ಜೋಡಿಸಿದ್ದರೂ ಅಷ್ಟೇ, ಜೋಡಿಸದೆ ಬಿಟ್ಟಿದ್ದರೂ ಅಷ್ಟೇ. ಬೇಡದ್ದನ್ನು ‘ರಿಲೀಸ್’ ಮಾಡಿ.

ಪ್ರಶ್ನೆ: ನಮ್ಮ ಬಿಲ್ಲು ತಿಂಗಳಿಗೆ ಮೂರು ಸಾವಿರದ ಒಳಗೆ. ನಾವೂ ಇದನ್ನೆಲ್ಲ ಮಾಡಬೇಕಾ? (ಓದುಗರು, ತಿಪಟೂರು)

ಉತ್ತರ: ಬೇಡ. ಎರಡು ದಿನ ಕೂತು ತಿಂಗಳಿಗೆ ಮುನ್ನೂರು ರೂಪಾಯಿ ಉಳಿಸುವ ಕೆಲಸಕ್ಕೆ ಕೈ ಹಾಕಬೇಡಿ. ಯಾವ ಸರ್ವರಿಗೂ ಜೋಡಿಸದ ಡಿಸ್ಕು, ಬಳಸದ ಐಪಿ, ಹಳೆಯ ಸ್ನ್ಯಾಪ್‌ಶಾಟ್ ತೆಗೆದರೆ ಸಾಕು. ಅದಕ್ಕಿಂತ ಮೊದಲು ಅಕೌಂಟಿನ ‘ಟ್ಯಾಕ್ಸ್ ಸೆಟ್ಟಿಂಗ್ಸ್’ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇದೆಯೇ ನೋಡಿ. ಬಿಲ್ಲಿನ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ನಂಬರ್ ಇಲ್ಲದಿದ್ದರೆ ಅದರ ಇನ್‌ಪುಟ್ ಕ್ರೆಡಿಟ್ ಕೈತಪ್ಪುತ್ತದೆ.

ಪ್ರಶ್ನೆ: ಮೂರು ವರ್ಷದ ಸೇವಿಂಗ್ಸ್ ಪ್ಲಾನ್ ತಗೊಂಡ್ರೆ 72% ಉಳಿಯುತ್ತೆ ಅಂತ ಒಬ್ಬರು ಒತ್ತಾಯ ಮಾಡ್ತಿದ್ದಾರೆ. ತಗೊಳ್ಳೋಣವಾ? (ಓದುಗರು, ಗೌರಿಬಿದನೂರು)

ಉತ್ತರ: ಅಳತೆ ಸರಿಮಾಡಿ ಎರಡು ತಿಂಗಳಾದ ಮೇಲೆ, ಅದೂ ಒಂದು ವರ್ಷದ್ದು. 72% ಎಂಬುದು ‘ಗರಿಷ್ಠ’ದ ಅಂಕಿ, ಒಂದೇ ರೀಜನ್, ಒಂದೇ ಸಾಲಿಗೆ ಕಟ್ಟುಬೀಳುವ ಬಗೆಯದು. ಸಾಲು, ರೀಜನ್ ಬದಲಿಸಲು ಬಿಡುವ ‘ಕಂಪ್ಯೂಟ್’ ಬಗೆಯಲ್ಲಿ ಗರಿಷ್ಠ 66%. ಪ್ಲಾನ್ ಎಂದರೆ ಗಂಟೆಗೆ ಇಷ್ಟು ಡಾಲರ್ ಖರ್ಚು ಮಾಡೇ ಮಾಡುತ್ತೇನೆ ಎಂಬ ಮಾತು. ಈ ಗಂಟೆ ಬಳಸದೆ ಉಳಿದದ್ದು ಮುಂದಿನ ಗಂಟೆಗೆ ಬರುವುದಿಲ್ಲ. ಈಗಿನ ದೊಡ್ಡ ಅಳತೆಗೆ ಬರೆದುಕೊಟ್ಟರೆ ನಾಳೆ ಅರ್ಧಕ್ಕಿಳಿಸಿದರೂ ಹಣ ಹೋಗುತ್ತಲೇ ಇರುತ್ತದೆ. ರಾತ್ರಿ ಮೂರು ಗಂಟೆಯ ಹೊತ್ತಿನ ಖರ್ಚು ಎಷ್ಟಿದೆಯೋ ಅದರ ನೂರಕ್ಕೆ 70–80 ಭಾಗಕ್ಕೆ ಮಾತ್ರ ಒಪ್ಪಿಕೊಳ್ಳಿ. ಆ ಮೊತ್ತ ರಿಯಾಯಿತಿ ದರದ ಲೆಕ್ಕದಲ್ಲಿರಬೇಕು; ಆನ್-ಡಿಮ್ಯಾಂಡ್ (ರಿಯಾಯಿತಿಯಿಲ್ಲದ) ದರದ ಅಂಕಿಯನ್ನೇ ಹಾಕಿ ಹೆಚ್ಚು ಕೊಂಡವರು ಇದ್ದಾರೆ.

ಪ್ರಶ್ನೆ: 500 ಜಿಬಿಯ ಜಿಪಿ2 ಡಿಸ್ಕು ತಗೊಂಡಿದ್ವಿ, ತುಂಬಿರೋದು 60 ಜಿಬಿ. 100ಕ್ಕೆ ಇಳಿಸೋ ಬಟನ್ ಎಲ್ಲೂ ಸಿಗ್ತಿಲ್ಲ. (ಓದುಗರು, ಮಾಲೂರು)

ಉತ್ತರ: ಬಟನ್ ಇಲ್ಲ. ಇಬಿಎಸ್ (ಎಡಬ್ಲ್ಯೂಎಸ್‌ನ ಬಾಡಿಗೆ) ಡಿಸ್ಕನ್ನು ಹಿಗ್ಗಿಸಬಹುದು, ಕುಗ್ಗಿಸಲಾಗದು. ಒಳಗಿನ ಫೈಲ್ ಸಿಸ್ಟಮ್ಮನ್ನು ಕುಗ್ಗಿಸಿದರೂ ಬಾಡಿಗೆ 500ಕ್ಕೇ. ದಾರಿ ಇದು: ಅದೇ ಅವೈಲಬಿಲಿಟಿ ಝೋನಿನಲ್ಲಿ 100 ಜಿಬಿಯ ಹೊಸ ಜಿಪಿ3 (ಜಿಪಿ2ರ ಮುಂದಿನ ತಲೆಮಾರು) ಡಿಸ್ಕು ಮಾಡಿ, ಸರ್ವರಿಗೆ ಜೋಡಿಸಿ, ಫಾರ್ಮ್ಯಾಟ್ ಮಾಡಿ ಬೇರೆ ಫೋಲ್ಡರಿಗೆ ಮೌಂಟ್ ಮಾಡಿ. ಅಪ್ಲಿಕೇಷನ್ ಓಡುತ್ತಿರುವಾಗಲೇ ಆರ್‌ಸಿಂಕ್ ಎಂಬ ನಕಲು ಕಮಾಂಡಿನಿಂದ ಒಮ್ಮೆ ಪೂರ್ತಿ ನಕಲಿಸಿ. ಆಮೇಲೆ ಅಪ್ಲಿಕೇಷನ್, ಡೇಟಾಬೇಸ್ ನಿಲ್ಲಿಸಿ ಎರಡನೇ ಸಲ ಓಡಿಸಿ. ಬದಲಾದದ್ದು ಮಾತ್ರ ಹೋಗುವುದರಿಂದ ಬೇಗ ಮುಗಿಯುತ್ತದೆ. ಹಕ್ಕುಗಳು, ಹಾರ್ಡ್ ಲಿಂಕ್‌ಗಳೂ ಬರುವಂತೆ ಆಯ್ಕೆಗಳನ್ನು ಕೊಡಿ, ಇಲ್ಲದಿದ್ದರೆ ಮೈಎಸ್‌ಕ್ಯೂಎಲ್ ‘ಪರ್ಮಿಷನ್ ಡಿನೈಡ್’ ಎಂದು ಕೂರುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಹೊಸ ಯುಯುಐಡಿ ಹಾಕಿ ಹಳೆಯ ಜಾಗಕ್ಕೇ ಮೌಂಟ್ ಮಾಡಿ, ಒಮ್ಮೆ ರೀಬೂಟ್ ಮಾಡಿ ನೋಡಿ. ಇದು ಡೇಟಾ ಡಿಸ್ಕಿನ ಮಾತು. ಬೂಟ್ ಆಗುವ ರೂಟ್ ಡಿಸ್ಕೇ ದೊಡ್ಡದಾಗಿದ್ದರೆ ಬೂಟ್‌ಲೋಡರ್ ಜೊತೆ ಗುದ್ದಾಡುವ ಬದಲು ಚಿಕ್ಕ ಡಿಸ್ಕಿನ ಹೊಸ ಸರ್ವರ್ ಕಟ್ಟಿ.

ಕುಗ್ಗಿಸುವ ಗೋಜೇ ಬೇಡವೆಂದರೆ ಇರುವುದನ್ನೇ ಜಿಪಿ3ಗೆ ಬದಲಿಸಿ, ಸರ್ವರ್ ನಿಲ್ಲಿಸುವುದೂ ಬೇಕಿಲ್ಲ. ಜಿಬಿ ದರ 20%ವರೆಗೆ ಕಡಿಮೆ. 500 ಜಿಬಿಯ ಜಿಪಿ2ಗೆ 1,500 ಐಒಪಿಎಸ್ (ಸೆಕೆಂಡಿಗೆ ಓದು-ಬರಹಗಳ ಸಂಖ್ಯೆ) ಖಾಯಂ ಇದ್ದದ್ದು 3,000 ಆಗುತ್ತದೆ. ಥ್ರೂಪುಟ್ (ಸೆಕೆಂಡಿಗೆ ಸಾಗುವ ಡೇಟಾ) ಮಾತ್ರ ತಿರುಗುಮುರುಗು: ಜಿಪಿ2 ಆ ಅಳತೆಯಲ್ಲಿ ಸೆಕೆಂಡಿಗೆ 250 ಎಂಬಿವರೆಗೆ ಕೊಡುತ್ತಿತ್ತು, ಜಿಪಿ3 ಹಾಗೇ ಬಿಟ್ಟರೆ 125. ದೊಡ್ಡ ಫೈಲುಗಳ ಬ್ಯಾಕಪ್ ಇದ್ದರೆ ಬದಲಿಸುವಾಗಲೇ ಥ್ರೂಪುಟ್ ಅಂಕಿಯನ್ನು ಏರಿಸಿ, ಅದಕ್ಕೆ ಸ್ವಲ್ಪ ಹೆಚ್ಚಿನ ದರವಿದೆ. ಒಮ್ಮೆ ಬದಲಿಸಿದ ಡಿಸ್ಕನ್ನು ತಕ್ಷಣ ಮತ್ತೆ ಬದಲಿಸಲು ಬಿಡದಿರಬಹುದು, ಆದ್ದರಿಂದ ಅಂಕಿಗಳನ್ನೆಲ್ಲ ಒಂದೇ ಸಲಕ್ಕೆ ಸರಿಯಾಗಿ ಹಾಕಿ.

ಹೊಸ ಡಿಸ್ಕಿನ ದಾರಿ ಹಿಡಿದರೆ ಹಳೆಯ 500 ಜಿಬಿಯದನ್ನು ಡಿಟ್ಯಾಚ್ ಮಾಡಿದ ಮಾತ್ರಕ್ಕೆ ಬಾಡಿಗೆ ನಿಲ್ಲುವುದಿಲ್ಲ. ‘ಅವೈಲಬಲ್’ ಸ್ಥಿತಿಯಲ್ಲಿ ಕೂತು ಪೂರ್ತಿ ದರ ತೆಗೆದುಕೊಳ್ಳುತ್ತಿರುತ್ತದೆ. ಒಂದು ವಾರ ನೋಡಿ, ಸ್ನ್ಯಾಪ್‌ಶಾಟ್ ತೆಗೆದು, ಡಿಲೀಟ್ ಮಾಡಿ.